210 ಚರೆಗಳ ಲೆಕ್ಕ: ಡಬ್ಲ್ಯು. ಡಬ್ಲ್ಯು. ಗ್ರೀನರ್ ಅವರ ಬದುಕು

ವಿಲಿಯಂ ವೆಲ್ಲಿಂಗ್ಟನ್ ಗ್ರೀನರ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆಯ ಹೆಸರೂ ವಿಲಿಯಂ ಗ್ರೀನರ್. ನ್ಯೂಕ್ಯಾಸಲ್ ಪಟ್ಟಣದಲ್ಲಿ ಕೋವಿ ತಯಾರಿಸುವುದು ಅವರ ಕಸುಬು. 1844ರಲ್ಲಿ ಕುಟುಂಬ ಬರ್ಮಿಂಗ್‌ಹ್ಯಾಮ್‌ಗೆ ಬಂತು. ಆಗ ಬರ್ಮಿಂಗ್‌ಹ್ಯಾಮ್ ಎಂದರೆ ಕೋವಿಗಳ ಊರು. ನಳಿಗೆ ಕೊರೆಯುವವರು, ಮರದ ಹಿಡಿ ಕೆತ್ತುವವರು, ಕುದುರೆ ಕೂರಿಸುವವರು ಎಲ್ಲರೂ ಅಕ್ಕಪಕ್ಕದ ಬೀದಿಗಳಲ್ಲೇ ಇದ್ದರು. ಆ ಸದ್ದಿನ ನಡುವೆಯೇ ಹುಡುಗ ಬೆಳೆದ.

ತಂದೆ ಸಾಮಾನ್ಯ ಕುಶಲಕರ್ಮಿಯಲ್ಲ. ಹಾರಿಸಿದಾಗ ತಾನೇ ಹಿಗ್ಗಿ ನಳಿಗೆಯ ಒಳಗೋಡೆಗೆ ಬಿಗಿಯಾಗಿ ಕೂರುವ ಒಂದು ಗುಂಡನ್ನು ಅವರು 1835ರಲ್ಲೇ ರೂಪಿಸಿದ್ದರು. ಬ್ರಿಟಿಷ್ ಸೈನ್ಯ ಅದನ್ನು ಬೇಡವೆಂದಿತು. ಮುಂದೆ ಮಿನಿಯೆ ಎಂಬ ಫ್ರೆಂಚ್ ಅಧಿಕಾರಿ ಅದೇ ಬಗೆಯ ಗುಂಡನ್ನು ಮಾಡಿದಾಗ ಬ್ರಿಟಿಷ್ ಸರ್ಕಾರ ಅವರಿಗೆ 20,000 ಪೌಂಡ್ ಕೊಟ್ಟಿತು. ಹಿರಿಯ ಗ್ರೀನರ್ ಪಟ್ಟುಬಿಡದೆ ತಮ್ಮ ಹಕ್ಕನ್ನು ಕೇಳುತ್ತಲೇ ಇದ್ದರು. ಕೊನೆಗೆ 1857ರಲ್ಲಿ ಅವರ ಕೈಗೆ ಬಂದದ್ದು 1,000 ಪೌಂಡ್. ಒಳ್ಳೆಯದನ್ನು ಕಂಡುಹಿಡಿದರೆ ಸಾಲದು, ಅದನ್ನು ಎಲ್ಲರೂ ನೋಡುವಂತೆ ಸಾಬೀತುಪಡಿಸಲೂ ಬೇಕು ಎಂಬುದಕ್ಕೆ ಆ ಮನೆಯಲ್ಲೇ ಉದಾಹರಣೆ ಇತ್ತು.

ತಂದೆಗೂ ಮಗನಿಗೂ ಒಂದು ವಿಷಯದಲ್ಲಿ ಮಾತ್ರ ಹೊಂದಲಿಲ್ಲ. ಆ ಕಾಲದ ಕೋವಿಗೆ ನಳಿಗೆಯ ಬಾಯಿಯಿಂದಲೇ ಮದ್ದು, ಚರೆ ಎಲ್ಲವನ್ನೂ ತುಂಬಿ ಸಲಾಕೆಯಿಂದ ಜಡಿಯಬೇಕಿತ್ತು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ ಎನ್ನುತ್ತಾರಲ್ಲ, ಅದೇ ಜಾತಿ. ಹಿಂಬದಿಯಿಂದ ತೋಟಾ ಹಾಕುವ ಹೊಸ ಕೋವಿ ಬಂದಾಗ ತಂದೆ ಅದನ್ನು ಒಪ್ಪಲಿಲ್ಲ. ಮುಂದಿನ ದಿನಗಳು ತೋಟಾ ಕೋವಿಯವೇ ಎಂದು ಮಗ ನಂಬಿದ್ದರು. 1864ರಲ್ಲಿ ಅವರು ಬೇರೆಯಾಗಿ ಸ್ವಂತ ವ್ಯವಹಾರ ತೆರೆದರು. 1869ರಲ್ಲಿ ತಂದೆ ತೀರಿಕೊಂಡ ಮೇಲೆ ಎರಡೂ ಕಾರ್ಖಾನೆಗಳು ಒಂದಾದವು. ತೋಟಾ ಹಾಕಲು ಮಡಚುವ ಕೋವಿ ಹಾರಿಸುವಾಗ ಸಡಿಲವಾಗದಂತೆ ಹಿಡಿದಿಡುವ ಗಟ್ಟಿ ಬೋಲ್ಟೊಂದನ್ನೂ ಗ್ರೀನರ್ ರೂಪಿಸಿದರು.

ಪತ್ರದಲ್ಲಿ ಬಂದ ಸುಳಿವು

ಅವರಿಗೆ ದೊಡ್ಡ ಹೆಸರು ತಂದದ್ದು ಚೋಕ್. ಹಾಗೆಂದರೇನು ಎಂದು ಮೊದಲು ತಿಳಿಯೋಣ. ಹಕ್ಕಿ ಹೊಡೆಯುವ ಕೋವಿಯಲ್ಲಿ ಒಂದೇ ಗುಂಡು ಇರುವುದಿಲ್ಲ, ನೂರಾರು ಸಣ್ಣ ಚರೆಗಳಿರುತ್ತವೆ. ನಳಿಗೆ ಬಿಟ್ಟ ಕೂಡಲೇ ಅವು ಹರಡತೊಡಗುತ್ತವೆ. ದೂರ ಹೋದಷ್ಟೂ ಚರೆಗಳ ನಡುವೆ ತೆರಪು ಹೆಚ್ಚುತ್ತದೆ. ತೆರಪಿನಲ್ಲಿ ಸಿಕ್ಕ ಹಕ್ಕಿ ಒಂದೆರಡು ಚರೆ ತಾಗಿ ಗಾಯಗೊಂಡು ಹಾರಿಹೋಗುತ್ತದೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ನಳಿಗೆಯ ತುದಿಯನ್ನು ಒಳಗಿನಿಂದ ತುಸುವೇ ಕಿರಿದುಮಾಡಿದರೆ ಚರೆಗಳ ಗುಂಪು ಹೆಚ್ಚು ದೂರದವರೆಗೆ ಒತ್ತಾಗಿ ಸಾಗುತ್ತದೆ. ಈ ಕಿರಿದುಗೊಳಿಸುವಿಕೆಯೇ ಚೋಕ್.

ಇದನ್ನು ಮೊದಲು ಕಂಡುಹಿಡಿದವರು ಗ್ರೀನರ್ ಅಲ್ಲ. ನ್ಯೂಕ್ಯಾಸಲ್‌ನ ಪೇಪ್ 1866ರಲ್ಲೇ ಪೇಟೆಂಟ್ ಪಡೆದಿದ್ದರು. ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿ ಕಳಚಿ ಜೋಡಿಸಬಹುದಾದ ಚೋಕಿಗೆ ಪೇಟೆಂಟ್ ಪಡೆದರು. 1874ರ ಆರಂಭದಲ್ಲಿ ಗಿರಾಕಿಯೊಬ್ಬರು ಬರೆದ ಪತ್ರದಲ್ಲಿ ಗ್ರೀನರ್‌ಗೆ ಚೋಕಿನ ಸುಳಿವು ಸಿಕ್ಕಿತು. ಪತ್ರದಲ್ಲಿ ಅಳತೆ ಇರಲಿಲ್ಲ, ಮಾಡುವ ವಿಧಾನವೂ ಇರಲಿಲ್ಲ. ಎಷ್ಟು ಕಿರಿದು ಮಾಡಬೇಕು, ಯಾವ ಆಕಾರದಲ್ಲಿ ಮಾಡಬೇಕು ಎಂದು ಅವರು ಮತ್ತೆ ಮತ್ತೆ ಪ್ರಯೋಗ ಮಾಡಿ ನೋಡಿದರು. ಒಂದೇ ಅಳತೆಯಲ್ಲಿ ನಯವಾಗಿ ಕೊರೆಯುವ ಉಪಕರಣವನ್ನೂ ತಯಾರಿಸಿದರು. ಅವರ ಕೊಡುಗೆ ಇರುವುದು ಇಲ್ಲಿ. ಅದೃಷ್ಟವಿದ್ದರೆ ಚೆನ್ನಾಗಿ ಬರುತ್ತಿದ್ದ ಕೆಲಸವನ್ನು ಅವರು ಪ್ರತಿ ಸಲವೂ ಚೆನ್ನಾಗಿ ಬರುವಂತೆ ಮಾಡಿದರು.

ಹೆಸರು ಪಣಕ್ಕೆ

1874ರ ಡಿಸೆಂಬರ್‌ನಲ್ಲಿ ಲಂಡನ್ನಿನ 'ಫೀಲ್ಡ್' ಪತ್ರಿಕೆಯ ಸಂಪಾದಕ ಜೆ. ಎಚ್. ವಾಲ್ಶ್ ಈ ಕೋವಿಗಳ ಬಗ್ಗೆ ಬರೆದರು. ಅದರ ಬೆನ್ನಿಗೇ ಗ್ರೀನರ್ ಜಾಹೀರಾತು ಕೊಟ್ಟರು. 40 ಗಜ ದೂರದಲ್ಲಿ 30 ಇಂಚು ವ್ಯಾಸದ ವೃತ್ತದೊಳಗೆ ತಮ್ಮ 12 ಬೋರ್ ಕೋವಿ ಸರಾಸರಿ 210 ಚರೆ ಹಾಕುತ್ತದೆ ಎಂದು ಖಾತರಿ ಕೊಟ್ಟರು. 1866ರ ಲಂಡನ್ ಪರೀಕ್ಷೆಯಲ್ಲಿ ಅತ್ಯುತ್ತಮ ಎನಿಸಿದ 12 ಬೋರ್ ಕೋವಿಯ ಸರಾಸರಿ ಕೇವಲ 127. ಉಳಿದ ತಯಾರಕರು ಇದು ಸುಳ್ಳು ಎಂದರು. ಗದ್ದಲ ಜೋರಾದಾಗ ಪತ್ರಿಕೆಯೇ 1875ರಲ್ಲಿ ಬಹಿರಂಗ ಪರೀಕ್ಷೆ ಏರ್ಪಡಿಸಿತು.

ಸೋತಿದ್ದರೆ ಗ್ರೀನರ್ ಅವರ ಮಾತನ್ನು ಮತ್ತೆ ಯಾರೂ ನಂಬುತ್ತಿರಲಿಲ್ಲ. ಖಾತರಿ ಅಚ್ಚಾಗಿತ್ತು, ಪ್ರತಿಸ್ಪರ್ಧಿಗಳೆಲ್ಲ ನೋಡುತ್ತಿದ್ದರು. ನಾಲ್ಕು ವಿಭಾಗಗಳಲ್ಲಿ ಪರೀಕ್ಷೆ ನಡೆಯಿತು. ದೊಡ್ಡ ಬೋರ್, 12 ಬೋರ್ ಚೋಕ್ ಮತ್ತು ಸಣ್ಣ ಬೋರ್ ಈ ಮೂರರಲ್ಲಿ ಗ್ರೀನರ್ ಕೋವಿಗಳೇ ಗೆದ್ದವು. ಹಳೆಯ ಕ್ರಮದ, ಚೋಕಿಲ್ಲದ ಕೋವಿಗಳ ವಿಭಾಗ ಮಾತ್ರ ಅವರ ಪಾಲಿಗೆ ಬರಲಿಲ್ಲ. 1877ರ ಪರೀಕ್ಷೆಯೂ ಚೋಕಿನ ಮೇಲುಗೈಯನ್ನೇ ತೋರಿಸಿತು.

ವಿಜ್ಞಾನದ ವಿದ್ಯಾರ್ಥಿಗಳು ಈ ಅಂಕಿಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಬಹುದು. ಇಂಗ್ಲೆಂಡಿನ ಅಳತೆಯ 6ನೇ ನಂಬರ್ ಚರೆ ಒಂದು ಔನ್ಸಿಗೆ ಸುಮಾರು 270 ಬರುತ್ತದೆ. ಒಂದು ಔನ್ಸು ಮತ್ತು ಎಂಟನೆಯ ಒಂದು ಭಾಗ, ಅಂದರೆ ಸುಮಾರು 32 ಗ್ರಾಂ ತುಂಬಿದರೆ 304 ಚರೆ. ಅದರಲ್ಲಿ 210 ಎಂದರೆ ಶೇ. 69, 127 ಎಂದರೆ ಶೇ. 42. ಇಂದಿಗೂ ಅದೇ 40 ಗಜ, ಅದೇ 30 ಇಂಚಿನ ವೃತ್ತದಲ್ಲಿ ಪೂರ್ಣ ಚೋಕ್ ಎಂದರೆ ಶೇ. 70, ಚೋಕಿಲ್ಲದ ಸಿಲಿಂಡರ್ ನಳಿಗೆ ಎಂದರೆ ಶೇ. 40.

ಬಿಗಿಯಾದದ್ದೆಲ್ಲ ಒಳ್ಳೆಯದಲ್ಲ

ಗೆಲುವಿನ ನಂತರ ಎಲ್ಲರಿಗೂ ಪೂರ್ಣ ಚೋಕೇ ಬೇಕಾಯಿತು. ಆದರೆ ದೂರಕ್ಕೆ ಒಳ್ಳೆಯದಾದ ಚೋಕ್ ಹತ್ತಿರಕ್ಕೆ ತೊಂದರೆ. ದೂರ ಅರ್ಧವಾದರೆ ಚರೆಗಳ ವೃತ್ತದ ವ್ಯಾಸವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ, ವಿಸ್ತೀರ್ಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತಿರದ ಹಕ್ಕಿಗೆ ಗುರಿ ತಪ್ಪುವುದು ಸುಲಭ, ತಾಗಿದರೆ ಮಾಂಸವೆಲ್ಲ ಛಿದ್ರ. ಅದಕ್ಕೇ ಜೋಡು ನಳಿಗೆಯ ಕೋವಿಯಲ್ಲಿ ಒಂದು ನಳಿಗೆಯನ್ನು ಸಡಿಲವಾಗಿ, ಇನ್ನೊಂದನ್ನು ಬಿಗಿಯಾಗಿ ಕೊರೆಯುವ ರೂಢಿ ಬಂತು. ಚೋಕಿನ ಆಯ್ಕೆ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಇಂದು ಆ ಪ್ರಶ್ನೆ ಹೆಚ್ಚು ಕೇಳಿಬರುವುದು ಅಮೆರಿಕದ ಕಾಡು ಟರ್ಕಿ ಕೋಳಿಯ ಬೇಟೆಯಲ್ಲಿ. ವಸಂತಕಾಲದಲ್ಲಿ ಪರವಾನಗಿ ಪಡೆದ ಬೇಟೆಗಾರ ಮರಕ್ಕೆ ಒರಗಿ ಅಲುಗದೆ ಕುಳಿತು, ಹೇಂಟೆಯಂತೆ ಕೂಗಿ ಹುಂಜವನ್ನು ಕರೆಯುತ್ತಾನೆ. ದಪ್ಪ ಗರಿ, ದಪ್ಪ ಎದೆಯ ಹಕ್ಕಿಯಾದ್ದರಿಂದ ಮೈಗೆ ಹೊಡೆದರೆ ಗಾಯವಾದೀತೇ ಹೊರತು ಕೂಡಲೇ ಸಾಯುವುದಿಲ್ಲ. ಗುರಿ ಇಡಬೇಕಾದದ್ದು ತಲೆ, ಕತ್ತಿಗೆ. ಅಷ್ಟು ಸಣ್ಣ ಜಾಗಕ್ಕೆ ಚರೆಗಳು ಒತ್ತಾಗಿ ಬೀಳಬೇಕು. 12 ಬೋರಿನ ನಳಿಗೆಯ ಒಳವ್ಯಾಸ 18.5 ಮಿಲಿಮೀಟರ್. ಪೂರ್ಣ ಚೋಕ್ ಅದನ್ನು ಸುಮಾರು 1 ಮಿ.ಮೀ. ಕಿರಿದು ಮಾಡುತ್ತದೆ. ಟರ್ಕಿಗೆಂದೇ ಮಾಡಿದ ಚೋಕ್ ಟ್ಯೂಬುಗಳಲ್ಲಿ ಕೆಲವು 1.5 ಮಿ.ಮೀ.ಗೂ ಹೆಚ್ಚು ಕಿರಿದು. ಈ ಟ್ಯೂಬನ್ನು ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸಬಹುದು, ಬೇಕೆಂದಾಗ ಬದಲಿಸಬಹುದು. ಬದಲಿಸುವಾಗ ಕೋವಿ ಖಾಲಿಯಾಗಿದೆಯೇ ಎಂದು ನೋಡುವುದು ಮೊದಲ ಕೆಲಸ.

ಹಾಗಾದರೆ ಅತ್ಯಂತ ಬಿಗಿಯಾದ ಟ್ಯೂಬನ್ನೇ ಕೊಳ್ಳಬೇಕೇ? ಇಲ್ಲ. ಅತಿಯಾಗಿ ಕಿರಿದಾದರೆ ಸೀಸದ ಚರೆಗಳು ಒಂದನ್ನೊಂದು ಒತ್ತಿ ಆಕಾರ ಕೆಟ್ಟು ದಿಕ್ಕು ತಪ್ಪುತ್ತವೆ. ಉಕ್ಕಿನ ಚರೆ ಸೀಸದಂತೆ ಒತ್ತಿಕೊಳ್ಳುವುದಿಲ್ಲ, ಆದ್ದರಿಂದ ಅದಕ್ಕೆ ಹೊಂದುವ ಟ್ಯೂಬೇ ಬೇಕು. ಒಂದು ಕೋವಿಗೆ ಸರಿಹೋದ ತೋಟಾ ಇನ್ನೊಂದಕ್ಕೆ ಸರಿಹೋಗದು. ಬಲ್ಲವರು ಟರ್ಕಿಯ ತಲೆಯ ಚಿತ್ರವಿರುವ ಕಾಗದವನ್ನು 20, 30, 40 ಗಜಗಳಲ್ಲಿ ನಿಲ್ಲಿಸಿ, ಬೇಟೆಗೆ ಬಳಸುವ ತೋಟಾದಿಂದಲೇ ಹೊಡೆದು ರಂಧ್ರಗಳನ್ನು ಎಣಿಸುತ್ತಾರೆ. ತಲೆ, ಕತ್ತಿನಲ್ಲಿ ಸಾಕಷ್ಟು ಚರೆ ಕಾಣದ ದೂರದಲ್ಲಿ ಕಾಡಿನಲ್ಲೂ ಹೊಡೆಯುವುದಿಲ್ಲ. ಗ್ರೀನರ್ ಕೋವಿಗಳನ್ನು ಪರೀಕ್ಷಿಸಿದ್ದೂ ಚರೆ ಎಣಿಸಿಯೇ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯೇ. ನಾವು ಇಲ್ಲಿಂದ ಕಲಿಯಬೇಕಾದದ್ದು ಕೋವಿಯನ್ನಲ್ಲ, ಎಣಿಸಿ ನೋಡುವ ಕ್ರಮವನ್ನು.

ಗ್ರೀನರ್ 1881ರಲ್ಲಿ 'ದಿ ಗನ್ ಅಂಡ್ ಇಟ್ಸ್ ಡೆವಲಪ್‌ಮೆಂಟ್' ಎಂಬ ಗ್ರಂಥ ಪ್ರಕಟಿಸಿದರು. 1910ರಲ್ಲಿ ಅದರ ಒಂಬತ್ತನೆಯ ಆವೃತ್ತಿ ಬಂತು. 1921ರಲ್ಲಿ, 87ನೆಯ ವಯಸ್ಸಿನ ಹೊತ್ತಿಗೆ ಅವರು ತೀರಿಕೊಂಡರು. ತಂದೆಯ ಗುಂಡಿಗೆ ನ್ಯಾಯ ಸಿಗಲು ಇಪ್ಪತ್ತೆರಡು ವರ್ಷ ಹಿಡಿಯಿತು, ಅದೂ ಅರೆಬರೆ. ಮಗನ ಚೋಕಿಗೆ ಒಂದು ವರ್ಷವೂ ಬೇಕಾಗಲಿಲ್ಲ, ಏಕೆಂದರೆ ಸಂಶಯಪಟ್ಟವರ ಕಣ್ಣೆದುರೇ ಚರೆಗಳ ಎಣಿಕೆ ನಡೆದಿತ್ತು. ಗೆಳೆಯರೇ, ಪ್ರಯೋಗಾಲಯದಲ್ಲಿ ನಿಮ್ಮ ಉತ್ತರವನ್ನು ಯಾರಾದರೂ ನಂಬದಿದ್ದರೆ ವಾದಕ್ಕೆ ಇಳಿಯಬೇಡಿ. ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಇನ್ನೊಮ್ಮೆ ಅಳೆಯಿರಿ.