ಕಯಾಕಿಗೆ ಹಾಯಿ ಕಟ್ಟಿದ ಜಾನ್ ಮ್ಯಾಕ್‌ಗ್ರೆಗರ್

ಗಾಳಿ ಬಂದಾಗ ತೂರಿಕೊ ಎಂಬುದು ಕಣದಲ್ಲಿ ರಾಶಿ ಮಾಡುವ ರೈತನ ಗಾದೆ. ನೀರಿನ ಮೇಲೆ ಸಂಚರಿಸುವವನಿಗೂ ಅದು ಅಷ್ಟೇ ಸಲ್ಲುತ್ತದೆ. ರೈತನು ಮೊರವನ್ನೆತ್ತಿ ಗಾಳಿಗಾಗಿ ಕಾಯುವಂತೆ ಅಂಬಿಗನು ಹಾಯಿಯನ್ನೆತ್ತಿ ಕಾಯುತ್ತಾನೆ. ಆದರೆ ಗಾಳಿ ಮಿತಿಮೀರಿದರೆ ಹೊಟ್ಟಿನೊಡನೆ ಕಾಳೂ ಹಾರಿಹೋಗುತ್ತದೆ. ಹಾಯಿ ಅಳತೆಮೀರಿದರೆ ದೋಣಿಯೇ ಮಗುಚಿಕೊಳ್ಳುತ್ತದೆ. ಎಷ್ಟು ಗಾಳಿಯನ್ನು ಹಿಡಿಯಬೇಕು, ಎಷ್ಟನ್ನು ಬಿಟ್ಟುಕೊಡಬೇಕು ಎಂಬುದನ್ನು ಬಲ್ಲವನೇ ಜಾಣ. ಆ ಜಾಣ್ಮೆಯನ್ನು ನೀರಿನ ಮೇಲೂ ನೆಲದ ಮೇಲೂ ತೋರಿಸಿದ ಜಾನ್ ಮ್ಯಾಕ್‌ಗ್ರೆಗರನ ಜೀವನವನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ದೋಣಿಯ ವಿಚಾರ. ನಮ್ಮ ಹಲಸೂರು ಕೆರೆಯಿಂದ ಹಿಡಿದು ಕೃಷ್ಣರಾಜಪುರದ ಕಡೆಯ ಕೆರೆಗಳವರೆಗೆ ಮೀನು ಹಿಡಿಯುವವರು ಬಳಸುವುದು ಸಾಮಾನ್ಯವಾಗಿ ಹರಿಗೋಲು, ಇಲ್ಲವೆ ತೆಪ್ಪ. ಹರಿಗೋಲಿಗೆ ಯಾರೂ ಹಾಯಿ ಕಟ್ಟುವುದಿಲ್ಲ. ಕಟ್ಟಿದರೂ ಪ್ರಯೋಜನವಿಲ್ಲ, ದುಂಡಗಿರುವ ಅದಕ್ಕೆ ಹಿಂದು ಮುಂದು ಎಂಬುದೇ ಇಲ್ಲವಾದ್ದರಿಂದ ಗಾಳಿ ತಾಗಿದರೆ ಬುಗುರಿಯಂತೆ ಸುತ್ತೀತೇ ಹೊರತು ನೆಟ್ಟಗೆ ಮುಂದೆ ಸಾಗದು. ನಮ್ಮ ಕರಾವಳಿಯಲ್ಲಿ, ಕಾರವಾರದ ಕಡೆ, ಕಿರಿದಾದ ಮರದ ದೋಣಿಯ ಒಂದು ಪಕ್ಕಕ್ಕೆ ತೇಲುದಿಮ್ಮಿಯನ್ನು ಕಟ್ಟಿ, ವಾಲದಂತೆ ಮಾಡಿ, ಆಮೇಲೆ ಹಾಯಿ ಏರಿಸುತ್ತಿದ್ದರು. ಇನ್ನು ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ವಾಸಿಸುವ ಇನುಇಟ್ ಜನರದು ಬೇರೊಂದು ಬಗೆ. ಅವರು ಮರ ಮತ್ತು ಎಲುಬಿನ ಚೌಕಟ್ಟಿಗೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಹೊದಿಸಿ, ಒಬ್ಬನೇ ಕುಳಿತುಕೊಳ್ಳುವಷ್ಟು ತೆರಪನ್ನು ಬಿಟ್ಟು, ಉಳಿದುದನ್ನೆಲ್ಲ ಮುಚ್ಚಿದ ಉದ್ದನೆಯ ದೋಣಿಯನ್ನು ಮಾಡಿಕೊಂಡರು. ಎರಡು ತುದಿಗೂ ಅಲಗಿರುವ ಒಂದೇ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರನ್ನು ತಳ್ಳುತ್ತ, ಅದರಲ್ಲಿ ಮೀನನ್ನೂ ಸೀಲನ್ನೂ ಬೇಟೆಯಾಡಿದರು. ಇದೇ ಕಯಾಕ್. ಕತ್ತಿಯಂತೆ ನೀರನ್ನು ಸೀಳುವುದು ಇದರ ಗುಣ. ಅಗಲ ಸಾಲದೆ ಬೇಗನೆ ವಾಲುವುದು ಇದರ ದೋಷ. ಇಂಥ ದೋಣಿಯ ಮಾದರಿಗೆ ಹಾಯಿ ಕಟ್ಟಿ ಯೂರೋಪಿನ ನದಿಗಳನ್ನು ಸುತ್ತಿ ಬಂದವನೇ ನಮ್ಮ ಕಥಾನಾಯಕ.

ಜಾನ್ ಮ್ಯಾಕ್‌ಗ್ರೆಗರನು 1825ನೆಯ ಇಸವಿ ಜನವರಿ 24ರಂದು ಇಂಗ್ಲೆಂಡಿನ ಗ್ರೇವ್ಸೆಂಡಿನಲ್ಲಿ ಜನಿಸಿದನು. ತಂದೆ ಡಂಕನ್ ಮ್ಯಾಕ್‌ಗ್ರೆಗರ್ ಸೈನ್ಯದಲ್ಲಿ ಮೇಜರ್. ಮಗು ಐದು ವಾರದ ಕೂಸಾಗಿದ್ದಾಗ ತಂದೆಯ ಪಡೆಗೆ ಹಿಂದೂಸ್ಥಾನಕ್ಕೆ ಹೊರಡುವಂತೆ ಆಜ್ಞೆಯಾಯಿತು. ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಎಂಬ ಹಡಗು ಆರುನೂರಕ್ಕೂ ಹೆಚ್ಚು ಜನರನ್ನು ಹೊತ್ತು ಬಂಗಾಳದ ಕಡೆಗೆ ಹೊರಟಿತು. ಬಿಸ್ಕೆ ಕೊಲ್ಲಿಯಲ್ಲಿ ಬಿರುಗಾಳಿ ಎದ್ದು, ಹಡಗಿನ ಒಡಲಲ್ಲಿ ಮದ್ಯದ ಪೀಪಾಯಿಯೊಂದು ಕಿತ್ತುಬಂದು, ದೀಪದ ಕಿಡಿ ಅದಕ್ಕೆ ತಾಗಿ, ಮಾರ್ಚ್ 1ರಂದು ಕೆಂಟ್ ಹೊತ್ತಿಕೊಂಡಿತು. ದೈವವಶಾತ್ ಕ್ಯಾಂಬ್ರಿಯಾ ಎಂಬ ಚಿಕ್ಕ ಹಡಗು ಕಣ್ಣಿಗೆ ಬಿದ್ದಿತು. ಮೊದಲ ದೋಣಿಯಲ್ಲಿಯೇ ತಾಯಿಯನ್ನೂ ಮಗುವನ್ನೂ ಸಾಗಿಸಿದರು. ಐನೂರಕ್ಕೂ ಹೆಚ್ಚು ಜನ ಬದುಕಿದರು; ಉಳಿದವರು ಕಡಲ ಪಾಲಾದರು. ಎಲ್ಲ ಮುಗಿಯಿತೆಂದು ಭಾವಿಸಿ ತಂದೆಯು ಒಂದು ಚೀಟಿಯನ್ನು ಬರೆದು ಸೀಸೆಯಲ್ಲಿಟ್ಟಿದ್ದನು. ಆ ಸೀಸೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಒಂದೂವರೆ ವರ್ಷದ ಮೇಲೆ ಬಾರ್ಬಡೋಸ್ ದ್ವೀಪದ ದಡಕ್ಕೆ ಬಂದು ಸೇರಿತು. ಹೀಗೆ ನಮ್ಮ ದೇಶಕ್ಕೆ ಬರಬೇಕಾಗಿದ್ದ ಕೂಸು ನೀರಿನಿಂದಲೂ ಬೆಂಕಿಯಿಂದಲೂ ಪಾರಾಗಿ ಹಿಂದಿರುಗಿತು.

ತಂದೆಯ ಪಡೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ಬಾಲಕನು ಹಲವು ಶಾಲೆಗಳಲ್ಲಿ ಓದಬೇಕಾಯಿತು. ಆಮೇಲೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1847ರಲ್ಲಿ ಗಣಿತದ ಆನರ್ಸ್ ಪರೀಕ್ಷೆಯಲ್ಲಿ 34ನೆಯವನಾಗಿ ತೇರ್ಗಡೆ ಹೊಂದಿದನು. 1851ರಲ್ಲಿ ಬ್ಯಾರಿಸ್ಟರನಾದನು. ಯಂತ್ರಗಳಲ್ಲಿ ಅವನಿಗೆ ಬಹಳ ಆಸಕ್ತಿಯಿದ್ದುದರಿಂದ ಪೇಟೆಂಟ್ ಕಾನೂನನ್ನು ಹಿಡಿದನು. ಹಡಗುಗಳನ್ನು ಮುಂದೂಡುವ ಸಾಧನಗಳ ಬಗೆಗೆ ಆವರೆಗೆ ದಾಖಲಾಗಿದ್ದ ಪೇಟೆಂಟುಗಳನ್ನೆಲ್ಲ ಶೋಧಿಸಿ ಸಂಗ್ರಹಿಸಿದನು. ಆ ದಶಕದ ಕೊನೆಯಲ್ಲಿ ಉತ್ತರ ಅಮೆರಿಕವನ್ನು ಸುತ್ತಿದಾಗ ಅಲ್ಲಿನ ಮೂಲನಿವಾಸಿಗಳ ಹಗುರವಾದ ದೋಣಿಗಳನ್ನು ಕಣ್ಣಾರೆ ಕಂಡನು.

ಬ್ಯಾರಿಸ್ಟರನಾದ ಅದೇ 1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಆಗ ಆ ನಗರದ ಬೀದಿಗಳಲ್ಲಿ ಮನೆಮಠವಿಲ್ಲದೆ ಅಲೆಯುವ ಮಕ್ಕಳು ಅಸಂಖ್ಯಾತ. ಹರಕು ಬಟ್ಟೆಯ ಇಂಥ ಮಕ್ಕಳಿಗೆಂದೇ ಕೆಲವರು ಧರ್ಮಾರ್ಥವಾಗಿ ಶಾಲೆಗಳನ್ನು ನಡೆಸುತ್ತಿದ್ದರು. ಅವುಗಳಿಗೆ ಹರಕು ಬಟ್ಟೆಯ ಶಾಲೆಗಳೆಂದೇ ಹೆಸರು. ಮ್ಯಾಕ್‌ಗ್ರೆಗರನು ಈ ಕೆಲಸದಲ್ಲಿ ಸೇರಿಕೊಂಡನು. ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನರ ಜೋಡುಗಳಿಗೆ ಪಾಲಿಶ್ ಹಾಕುವ ಕೆಲಸವನ್ನು ಈ ಹುಡುಗರಿಗೆ ಕೊಡಿಸಬಹುದೆಂದು ಯೋಚಿಸಿ, ಗೆಳೆಯರೊಡನೆ ಪಾಲಿಶ್ ಹುಡುಗರ ದಳವೊಂದನ್ನು ಕಟ್ಟಿದನು. ಹುಡುಗರಿಗೆ ಕೆಂಪು ಅಂಗಿ, ನಿಲ್ಲಲು ಗೊತ್ತಾದ ಜಾಗ. ಸಂಪಾದನೆಯಲ್ಲಿ ಒಂದು ಪಾಲು ಕೈಗೆ, ಒಂದು ಪಾಲು ಅವರವರ ಹೆಸರಿನಲ್ಲಿ ಬ್ಯಾಂಕಿಗೆ. ಪ್ರದರ್ಶನ ಮುಗಿದರೂ ದಳ ಉಳಿದು ಬೆಳೆಯಿತು.

ಅವನ ಹೆಸರನ್ನು ಲೋಕಕ್ಕೆ ಸಾರಿದ ದೋಣಿ ಹುಟ್ಟಿದ್ದು 1865ರಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದಿತ್ತು ಎಂಬುದನ್ನು ನೆನೆದರೆ ಕಾಲದ ಅಂದಾಜು ಸಿಗುತ್ತದೆ. ರೈಲಿಗೂ ಈ ದೋಣಿಗೂ ಸಂಬಂಧವುಂಟು. ಜರ್ಮನಿಯ ರೈಲು ಡಬ್ಬಿಯೊಳಗೆ ಹಿಡಿಸುವಂತೆಯೇ ಅವನು ಅದರ ಉದ್ದವನ್ನು ಗೊತ್ತುಮಾಡಿದನು. ಉದ್ದ 15 ಅಡಿ, ಅಗಲ 2 ಅಡಿ 4 ಅಂಗುಲ, ಆಳ 9 ಅಂಗುಲ, ತೂಕ 80 ಪೌಂಡು, ಅಂದರೆ ಸುಮಾರು 36 ಕಿಲೋ. ಒಡಲು ಓಕ್ ಮರದ್ದು, ಮೇಲ್ಮುಚ್ಚಳ ದೇವದಾರು ಜಾತಿಯ ಸೀಡರ್ ಮರದ್ದು. ಎರಡು ತುದಿಗೂ ಅಲಗಿರುವ 7 ಅಡಿಯ ಹುಟ್ಟು. ಜೊತೆಗೆ ಒಂದು ಚಿಕ್ಕ ಕಂಬ, ಅದಕ್ಕೆ ನಾಲ್ಕು ಮೂಲೆಯ ಒಂದು ಹಾಯಿ, ಮುಂಭಾಗದಲ್ಲಿ ಮೂರು ಮೂಲೆಯ ಇನ್ನೊಂದು ಕಿರುಹಾಯಿ. ಸ್ಕಾಟ್ಲೆಂಡಿನ ತನ್ನ ಕುಲದ ಪ್ರಸಿದ್ಧ ವೀರನ ನೆನಪಿಗಾಗಿ ದೋಣಿಗೆ ರಾಬ್ ರಾಯ್ ಎಂದು ಹೆಸರಿಟ್ಟನು. ಕ್ರಮೇಣ ಅದು ಅವನದೇ ಅಡ್ಡಹೆಸರಾಯಿತು.

ಹಾಯಿಯನ್ನು ಏಕೆ ಇಷ್ಟು ಚಿಕ್ಕದಾಗಿ ಮಾಡಿದನೆಂದು ವಾಚಕರು ಕೇಳಬಹುದು. ಗಾಳಿ ಹಾಯಿಗೆ ತಾಗಿದಾಗ ಕಂಬವು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಕಂಬ ಎತ್ತರವಾದಷ್ಟೂ, ಹಾಯಿ ಅಗಲವಾದಷ್ಟೂ, ದೋಣಿಯನ್ನು ಪಕ್ಕಕ್ಕೆ ಉರುಳಿಸುವ ಬಲ ಹೆಚ್ಚುತ್ತದೆ. ಎರಡೂಕಾಲು ಅಡಿ ಅಗಲದ ದೋಣಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಅಲ್ಪ. ಎರಡನೆಯದಾಗಿ, ಗಾಳಿ ಪಕ್ಕದಿಂದ ಬಂದರೆ ದೋಣಿ ಮುಂದೆ ಹೋಗುವ ಬದಲು ಅಡ್ಡಡ್ಡವಾಗಿ ಜಾರುತ್ತದೆ. ಅದನ್ನು ತಡೆಯಲು ನೀರಿನೊಳಗೆ ಆಳಕ್ಕಿಳಿಯುವ ಹಲಗೆ ಬೇಕು. ಆದರೆ ಕಲ್ಲುಗುಂಡುಗಳ ತೆಳುವಾದ ಹೊಳೆಯಲ್ಲಿ ಅಂಥ ಹಲಗೆ ಸಿಕ್ಕಿಕೊಳ್ಳುತ್ತದೆ. ರಾಬ್ ರಾಯ್ ನೀರಿನಲ್ಲಿ ಮುಳುಗುತ್ತಿದ್ದುದು ಮೂರು ಅಂಗುಲ ಮಾತ್ರ. ಅಡಿಯ ಪಟ್ಟಿ ಒಂದು ಅಂಗುಲದ್ದು. ಆದಕಾರಣ ಗಾಳಿ ಹಿಂದಿನಿಂದ ಬೀಸಿದಾಗ ಹಾಯಿ, ಎದುರಾದಾಗ ಹುಟ್ಟು ಎಂಬುದೇ ಅವನ ಕ್ರಮವಾಯಿತು. ಹಾಯಿ ತೋಳಿಗೆ ಬಿಡುವು ಕೊಡುವ ಸಹಾಯಕನೇ ಹೊರತು ತೋಳಿಗೆ ಬದಲಿಯಲ್ಲ. ಕಯಾಕಿಗೆ ಹಾಯಿ ಕಟ್ಟುವವರು ಇಂದಿಗೂ ಮೊದಲು ಕಲಿಯಬೇಕಾದ ಪಾಠ ಇದೇ.

1865ರ ಬೇಸಗೆಯಲ್ಲಿ ಅವನು ಒಬ್ಬನೇ ಹೊರಟನು. ಮೂರು ತಿಂಗಳ ಪ್ರಯಾಣಕ್ಕೆ ಅವನ ಸಾಮಾನು ಒಂದಡಿ ಚೌಕದ, ಆರಂಗುಲ ದಪ್ಪದ ಒಂದು ಕಪ್ಪು ಚೀಲ. ಥೇಮ್ಸ್ ನದಿಯಿಂದ ಆರಂಭಿಸಿ ಮ್ಯೂಸ್, ರೈನ್, ಮೈನ್, ಡ್ಯಾನ್ಯೂಬ್ ನದಿಗಳಲ್ಲಿಯೂ ಸ್ವಿಟ್ಸರ್ಲೆಂಡಿನ ಸರೋವರಗಳಲ್ಲಿಯೂ ಸಂಚರಿಸಿ, ಮೊಸೆಲ್, ಮಾರ್ನ್, ಸೇನ್ ನದಿಗಳ ಮೂಲಕ ಪ್ಯಾರಿಸ್ ಮಾರ್ಗವಾಗಿ ಮರಳಿದನು. ನದಿಗೂ ನದಿಗೂ ನಡುವೆ ದೋಣಿಯನ್ನು ರೈಲಿನಲ್ಲಿಯೋ ಗಾಡಿಯಲ್ಲಿಯೋ ಸಾಗಿಸಿದನು. ಮರುವರ್ಷ ಪ್ರಕಟವಾದ ಅವನ ಪ್ರವಾಸಗ್ರಂಥವನ್ನು ಜನ ಮುಗಿಬಿದ್ದು ಓದಿದರು. 1866ರಲ್ಲಿ 14 ಅಡಿಯ ಇನ್ನೂ ಹಗುರವಾದ ದೋಣಿಯಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳನ್ನು ಸುತ್ತಿದನು. 1867ರಲ್ಲಿ 21 ಅಡಿಯ ಹಾಯಿಹಡಗಿನಲ್ಲಿ ಏಕಾಕಿಯಾಗಿ ಕಡಲು ದಾಟಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಗಿಬಂದನು. 1868-69ರಲ್ಲಿ, ಸೂಯೆಜ್ ಕಾಲುವೆ ಇನ್ನೂ ಸಂಚಾರಕ್ಕೆ ತೆರೆಯುವ ಮುನ್ನವೇ ಅದರಲ್ಲಿ ಹಾದು, ನೈಲ್ ನದಿ, ಕೆಂಪು ಸಮುದ್ರಗಳನ್ನು ನೋಡಿ, ಜೋರ್ಡಾನ್ ನದಿಗೆ ಇಳಿದನು. ಅಲ್ಲಿ ಹೂಲೆ ಎಂಬ ಜೌಗುಪ್ರದೇಶದ ಅರಬರು ಅವನನ್ನು ಸೆರೆಹಿಡಿದು, ದೋಣಿಯಿಂದ ಇಳಿಯದ ಅವನನ್ನು ದೋಣಿಸಮೇತ ಹೆಗಲ ಮೇಲೆ ಹೊತ್ತು ತಮ್ಮ ಮುಖಂಡನ ಬಳಿಗೆ ಒಯ್ದರು. ಬಿಡುಗಡೆಯಾದ ಮೇಲೆ ಆ ಜೌಗಿನೊಳಗೆ ಜೋರ್ಡಾನ್ ಹರಿಯುವ ದಾರಿಯನ್ನು ಗುರುತಿಸಿ ನಕ್ಷೆ ಬರೆದನು.

1866ರಲ್ಲಿ ಅವನ ಮುಂದಾಳುತನದಲ್ಲಿ ಸ್ಥಾಪಿತವಾದ ದೋಣಿಸಂಘವು 1873ರಲ್ಲಿ ರಾಯಲ್ ಕನೂ ಕ್ಲಬ್ಬಾಗಿ ಇಂದಿಗೂ ಇದೆ. ಅವನ ಮಾದರಿಯ ದೋಣಿಗಳಲ್ಲಿಯೇ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್ಸನ್ ಮತ್ತು ಅವನ ಗೆಳೆಯ 1876ರಲ್ಲಿ ಬೆಲ್ಜಿಯಂ ಫ್ರಾನ್ಸುಗಳ ಜಲಮಾರ್ಗಗಳಲ್ಲಿ ಸಂಚರಿಸಿದರು. ಬೇಟೆಗಾರನ ದೋಣಿ ಹೀಗೆ ವಿನೋದದ ದೋಣಿಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕಯಾಕ್ ಸ್ಪರ್ಧೆಗೆ ಅಧಿಕೃತ ಸ್ಥಾನ ದೊರೆಯಿತು. ಇಷ್ಟೆಲ್ಲ ಕೀರ್ತಿಯಲ್ಲಿ ಆ ದೋಣಿಯನ್ನು ಮೊದಲು ಹೊಲಿದ ಇನುಇಟ್ ಹೆಂಗಸರ ಹೆಸರಾಗಲಿ, ಅದರಲ್ಲಿ ಪ್ರಾಣವನ್ನೊಡ್ಡಿ ಮೀನು ಹಿಡಿದವರ ಹೆಸರಾಗಲಿ ಉಳಿಯಲಿಲ್ಲ. ಮ್ಯಾಕ್‌ಗ್ರೆಗರನು ಕಯಾಕನ್ನು ಕಂಡುಹಿಡಿದವನಲ್ಲ. ಅದಕ್ಕೆ ಹಾಯಿ ಕಟ್ಟಿ ಲೋಕಕ್ಕೆ ಪರಿಚಯಿಸಿದವನು ಎಂದು ಹೇಳುವುದೇ ನ್ಯಾಯ.

ಅವನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸ್ವಮತಾಭಿಮಾನ ಅವನಲ್ಲಿ ಅತಿಯಾಗಿತ್ತು. ಹೋದಲ್ಲೆಲ್ಲ ಧಾರ್ಮಿಕ ಕರಪತ್ರಗಳನ್ನು ಹಂಚುತ್ತಿದ್ದನು. ತನ್ನ ಮತವಲ್ಲದವರನ್ನು, ತನ್ನ ದೇಶವಲ್ಲದವರನ್ನು ಮೇಲಿನಿಂದ ನೋಡುವ ಆ ಕಾಲದ ಆಂಗ್ಲರ ದೃಷ್ಟಿ ಅವನ ಬರಹದಲ್ಲಿಯೂ ಕಾಣುತ್ತದೆ. ಆದರೆ ಹಣದ ವಿಷಯದಲ್ಲಿ ಅವನ ಕೈ ಶುದ್ಧ. ಪುಸ್ತಕಗಳಿಂದಲೂ ಉಪನ್ಯಾಸಗಳಿಂದಲೂ ಬಂದ ಹಣವನ್ನು ಕಡಲಲ್ಲಿ ಅಪಾಯಕ್ಕೀಡಾದವರ ರಕ್ಷಣೆಗೂ ಬಡ ಮಕ್ಕಳ ಸಂಸ್ಥೆಗಳಿಗೂ ಕೊಟ್ಟನು. ಕೀರ್ತಿಯ ಗಾಳಿ ಜೋರಾಗಿ ಬೀಸಿದಾಗಲೂ ತನಗೆ ಬೇಕಾದಷ್ಟಕ್ಕೆ ಮಾತ್ರ ಹಾಯಿ ಬಿಚ್ಚಿದ ಮನುಷ್ಯ ಅವನು.

1870ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದು, ಶಾಲೆಗಳನ್ನು ನಡೆಸಲು ಚುನಾಯಿತ ಮಂಡಲಿಗಳು ಏರ್ಪಟ್ಟವು. ಲಂಡನ್ನಿನ ಶಾಲಾಮಂಡಲಿಗೆ ಮ್ಯಾಕ್‌ಗ್ರೆಗರನು ಗ್ರೀನಿಚ್ ವಿಭಾಗದಿಂದ 1870ರಲ್ಲಿಯೂ 1873ರಲ್ಲಿಯೂ ಆರಿಸಿ ಬಂದನು. ಅವನ ಜೀವನದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಘಟ್ಟ ಇದು. ಪಾಲಿಶ್ ಹುಡುಗರ ದಳ ಒಳ್ಳೆಯದೇ. ಆದರೆ ಅದರಲ್ಲಿ ಹುಡುಗನು ಇನ್ನೊಬ್ಬರ ಕಾಲ ಬಳಿಯೇ ಕುಳಿತಿರುತ್ತಾನೆ, ದಯಾಳುಗಳು ಬೇಸತ್ತರೆ ಬೀದಿಗೆ ಬೀಳುತ್ತಾನೆ. ಕಾನೂನಿನ ಮೂಲಕ ಬಂದ ಶಾಲೆಗೆ ಯಾರ ದಯೆಯೂ ಬೇಕಿಲ್ಲ. ಆ ಮಗು ಅಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸರ್ಕಾರಿ ಶಾಲೆಯೂ ಈ ಸರ್ಕಾರಿ ಕಾಲೇಜೂ ಇಲ್ಲದಿದ್ದರೆ ನಾನು ಈ ಪುಟಗಳಲ್ಲಿ ಬರೆಯುವ ಸಂಭವವೇ ಇರಲಿಲ್ಲ. ನನ್ನ ಸಹಪಾಠಿಗಳಲ್ಲಿ ಅನೇಕರ ಸ್ಥಿತಿಯೂ ಇದೇ. ಆದುದರಿಂದಲೇ ಧರ್ಮಕಾರ್ಯದಿಂದ ಹೊರಟು ಶಾಲಾಮಂಡಲಿಯವರೆಗೆ ಅವನು ನಡೆದ ದಾರಿ ಅವನ ಸಾವಿರ ಮೈಲಿಯ ಪ್ರಯಾಣಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ.

1873ರಲ್ಲಿ ಅವನಿಗೆ ವಿವಾಹವಾಯಿತು. ಇಬ್ಬರು ಹೆಣ್ಣುಮಕ್ಕಳು ಜನಿಸಿದರು. 1892ನೆಯ ಇಸವಿ ಜುಲೈ 16ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಾಸ್ಕಮ್ ಎಂಬಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ 67 ವರ್ಷ.

ನಮ್ಮಲ್ಲಿ ಅನೇಕರು ಈ ವರ್ಷ ಪದವಿಯನ್ನು ಪಡೆದು ಹೊರಡುವವರು. ನಮ್ಮದು ಕಿರುದೋಣಿಗಳು. ಗಾಳಿ ಹಿಂದಿನಿಂದ ಬಂದರೆ ಹಾಯಿ ಏರಿಸೋಣ. ಎದುರಾದರೆ ಹಾಯಿ ಇಳಿಸಿ ಹುಟ್ಟು ಹಾಕೋಣ. ದಡ ಸೇರಿದವರು ನಮ್ಮ ಹಿಂದೆ ಬರುವ ಮಕ್ಕಳಿಗಾಗಿ ಶಾಲೆಯ ಬಾಗಿಲು ತೆರೆದೇ ಇರುವಂತೆ ನೋಡಿಕೊಳ್ಳೋಣ.