ಅಶೋಕನಿಗೆ ಎರಡು ಬಟನ್ ಸಾಲಲ್ಲ

ಹಬ್ಬಕ್ಕೆ ಮರಳವಾಡಿಗೆ ಹೋಗಿದ್ದಾಗ ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಸಿವಿಲೈಸೇಶನ್ 7 ಆಡ್ತಿದ್ದ. 2025ರ ಫೆಬ್ರುವರಿಯಲ್ಲಿ ಬಂದ ಗೇಮ್. ಅದರಲ್ಲಿ ಅಶೋಕ ಒಬ್ಬನಲ್ಲ, ಇಬ್ಬರು: ಲೋಕ ತ್ಯಜಿಸಿದವನು ಮತ್ತು ಲೋಕ ಗೆದ್ದವನು. ಮೊದಲನೆಯವನನ್ನು ಆರಿಸಿಕೊಂಡರೆ ಪ್ರಜೆಗಳ ಸಂತೋಷ ಹೆಚ್ಚಿದಷ್ಟೂ ನಗರಗಳಿಗೆ ಆಹಾರ ಹೆಚ್ಚು. ಎರಡನೆಯವನಾದರೆ ಅದೇ ಸಂತೋಷ ಉತ್ಪಾದನೆಯಾಗುತ್ತೆ. ವಿಧ್ಯುಕ್ತವಾಗಿ ಯುದ್ಧ ಘೋಷಿಸಿದರೆ ರಾಜ್ಯದಲ್ಲಿ ಸಂಭ್ರಮಾಚರಣೆಯೇ ಶುರು. ಯಾರನ್ನ ಆರಿಸಲಿ ಮಾಮ ಅಂತ ಹುಡುಗ ಕೇಳಿದ. ನನಗೆ ಉತ್ತರ ಹೊಳೀಲಿಲ್ಲ.

ಯಾಕೆ ಅಂದ್ರೆ, ಆ ಮನುಷ್ಯನ ಬದುಕು ಹೀಗಿದೆ. ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟವೇರಿದ. ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದ. ಅವನ 13ನೇ ಶಿಲಾಶಾಸನವೇ ಕೊಡುವ ಲೆಕ್ಕದಲ್ಲಿ ಯುದ್ಧದಲ್ಲಿ ಸತ್ತವರು 1 ಲಕ್ಷ, ಸೆರೆಹಿಡಿದು ಸಾಗಿಸಿದವರು 1.5 ಲಕ್ಷ. ಇದಕ್ಕಾಗಿ ತನಗೆ ಪಶ್ಚಾತ್ತಾಪವಾಗಿದೆ ಅಂತ ಅದೇ ಶಾಸನದಲ್ಲಿ ಕೊರೆಸಿದ. ಗೆದ್ದ ರಾಜ ತನ್ನ ಗೆಲುವಿನ ಬಗ್ಗೆ ಹೀಗೆ ಬರೆಸೋದು ಚರಿತ್ರೆಯಲ್ಲಿ ಅಪರೂಪ.

ಶಾಲೆಯಲ್ಲಿ ನಮಗೆ ಹೇಳಿದ್ದು ಇಷ್ಟೇ. ಆದರೆ ಶಾಸನ ಅಲ್ಲಿಗೆ ಮುಗಿಯಲ್ಲ. ಪಶ್ಚಾತ್ತಾಪವಿದ್ದರೂ ತನ್ನ ಕೈಯಲ್ಲಿ ಬಲ ಇದೆ, ಹುಷಾರಾಗಿರಿ ಅಂತ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಅದರಲ್ಲೇ ಕೊಡ್ತಾನೆ. ಕಳಿಂಗವನ್ನು ವಾಪಸ್ ಕೊಡಲಿಲ್ಲ. ಇನ್ನೂ ವಿಚಿತ್ರ ಅಂದ್ರೆ, ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಈ 13ನೇ ಶಾಸನವೇ ಇಲ್ಲ. ಅದರ ಬದಲು ಅಲ್ಲಿರೋದು ಅಧಿಕಾರಿಗಳು ಜನರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಆದೇಶಗಳು. ಅವೇ ಆದೇಶಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ.

ಹಾಗಂತ ಪಶ್ಚಾತ್ತಾಪ ನಾಟಕ ಅಂತ ತಳ್ಳಿಹಾಕೋಕೂ ಆಗಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ, ದಾರಿಯುದ್ದಕ್ಕೂ ಮರ ನೆಡಿಸಿದ, ಬಾವಿ ತೋಡಿಸಿದ. ಅರಮನೆಯ ಅಡುಗೆಮನೆಯಲ್ಲಿ ಪ್ರಾಣಿವಧೆ ಇಳಿಸಿದ. ಆದರೂ ದಿನಕ್ಕೆ ಎರಡು ನವಿಲು, ಕೆಲವೊಮ್ಮೆ ಒಂದು ಜಿಂಕೆ ಇನ್ನೂ ಸಾಯುತ್ತಿವೆ ಅಂತ ಮುಚ್ಚುಮರೆಯಿಲ್ಲದೆ ಬರೆಸಿದ. ಮರಣದಂಡನೆಯನ್ನು ರದ್ದು ಮಾಡಲಿಲ್ಲ, ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನದ ಅವಕಾಶ ಕೊಟ್ಟ. ಲೋಕ ತ್ಯಜಿಸಿದವನು ಅಂತ ಗೇಮ್ ಕರೆಯೋ ಈ ಮನುಷ್ಯ ಸಿಂಹಾಸನವನ್ನೇ ಬಿಡಲಿಲ್ಲ. ಸುಮಾರು ಕ್ರಿ.ಪೂ. 232ರಲ್ಲಿ ಸಾಯುವವರೆಗೂ ಆಳಿದ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆ ನನಗೆ ಇನ್ನೂ ಇಷ್ಟ. ಬುದ್ಧನ ಉಪಾಸಕನಾದ ಮೇಲೂ ಮೊದಲ ಒಂದು ವರ್ಷ ತಾನು ಅಷ್ಟೇನೂ ಶ್ರದ್ಧೆ ತೋರಿಸಲಿಲ್ಲ ಅಂತ ಅಲ್ಲಿ ಒಪ್ಪಿಕೊಳ್ತಾನೆ. ಅಂದ್ರೆ ಬದಲಾವಣೆ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಬಹುತೇಕ ಶಾಸನಗಳಲ್ಲಿ ಇರೋದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳು ಮಾತ್ರ. ಆ ಬಿರುದಿನ ಜೊತೆ ಅಶೋಕ ಅನ್ನೋ ಹೆಸರೂ ಇರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಕಂಡುಹಿಡಿದವರು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ಎಂಜಿನಿಯರಿಂಗ್ ಓದಿ ಬೇರೆ ಕಡೆ ಹಾದಿ ಹಿಡಿದ ನನಗೆ ಇದು ಸಣ್ಣ ಸಮಾಧಾನ.

ಗೇಮ್ ಮಾಡಿದವರನ್ನು ಮಾತ್ರ ಬೈಯೋದು ಅನ್ಯಾಯ. ಬೌದ್ಧ ಕತೆಗಳೇ ಅವನನ್ನು ಚಂಡಾಶೋಕ, ಧರ್ಮಾಶೋಕ ಅಂತ ಸೀಳಿದ್ದವು. ಚೀನಾದ ಚಾವ್ ಚಾವ್‌ಗೂ ಇದೇ ಗತಿ: ಕಾದಂಬರಿಯಲ್ಲಿ ಕುತಂತ್ರಿ, ಚರಿತ್ರೆಯಲ್ಲಿ ಸಮರ್ಥ ಆಡಳಿತಗಾರ ಮತ್ತು ಕವಿ. 2019ರ ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್ ಗೇಮ್‌ನಲ್ಲಿ ಕಾದಂಬರಿಯ ಹಾದಿ ಬೇಕೋ, ದಾಖಲೆಯ ಹಾದಿ ಬೇಕೋ ಅಂತ ಆಟಗಾರನೇ ಆರಿಸಿಕೊಳ್ಳಬಹುದು. ಕತೆ ಬೇರೆ, ದಾಖಲೆ ಬೇರೆ ಅನ್ನೋದನ್ನಾದರೂ ಅದು ಒಪ್ಪಿಕೊಳ್ಳುತ್ತೆ.

ನಾವು ಅಷ್ಟನ್ನೂ ಒಪ್ಪಲ್ಲ. ಟಿಪ್ಪು ಜಯಂತಿಯನ್ನು ಒಂದು ಸರ್ಕಾರ 2015ರಲ್ಲಿ ಶುರು ಮಾಡಿತು, ಇನ್ನೊಂದು 2019ರಲ್ಲಿ ನಿಲ್ಲಿಸಿತು. ಹುತಾತ್ಮ ಅಥವಾ ಮತಾಂಧ, ಎರಡೇ ಬಟನ್. ನಮ್ಮ ಪಕ್ಷಕ್ಕೆ ಬೇಕಾದ್ದನ್ನ ಒತ್ತಿ ನಾವು ಆಟ ಶುರು ಮಾಡ್ತೀವಿ.

ಹುಡುಗ ಕೊನೆಗೆ ಗೆದ್ದವನನ್ನೇ ಆರಿಸಿದ. ಸ್ವಲ್ಪ ಹೊತ್ತು ಆಡಿದ ಮೇಲೆ, ನಡುವೆ ಇನ್ನೊಬ್ಬ ಅಶೋಕನಿಗೆ ಬದಲಾಯಿಸಬಹುದಾ ಅಂತ ಹುಡುಕಿದ. ಆಗಲಿಲ್ಲ. ಶುರುವಲ್ಲಿ ಯಾರನ್ನ ಹಿಡಿದಿದ್ದೀಯೋ ಕೊನೆವರೆಗೂ ಅವನೇ. ಕಳಿಂಗದಿಂದ ಬ್ರಹ್ಮಗಿರಿಯವರೆಗಿನ ಆ ನಡುವಿನ ದಾರಿ, ಅರ್ಧ ಬದಲಾಗಿ ಅರ್ಧ ಹಾಗೇ ಉಳಿದದ್ದು, ಅದೇ ಅಶೋಕನ ನಿಜವಾದ ಬದುಕು. ಆಟದಲ್ಲಿ ಬಿಟ್ಟುಹೋಗಿರೋದೂ ಅದೇ.