ಬಾಲವನದ ಕಾರಂತರು

ಪುಟ್ಟ ಮಗುವಿನ ಕೈಗಳು ಸುಮ್ಮನಿರುವುದಿಲ್ಲ. ಮಣ್ಣು ದೊರೆತರೆ ಮನೆ ಕಟ್ಟುತ್ತವೆ. ತೆಂಗಿನ ಗರಿ ದೊರೆತರೆ ಪೀಪಿ ಸುತ್ತುತ್ತವೆ. ಆದರೆ ಶಾಲೆಯ ಹೊಸಿಲು ದಾಟಿದೊಡನೆ ಆ ಕೈಗಳನ್ನು ಕಟ್ಟಿ ಕುಳ್ಳಿರಿಸುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಈ ವಾಡಿಕೆಯನ್ನು ಒಪ್ಪದೆ, ಕೈಗಳಿಗೂ ಕಲಿಯುವ ಹಕ್ಕುಂಟೆಂದು ಸಾರಿದವರು ಡಾ. ಕೋಟ ಶಿವರಾಮ ಕಾರಂತರು.

ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ಕರಾವಳಿಯ ಕೋಟ ಎಂಬ ಊರಿನಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ಕಾಲೇಜನ್ನು ತೊರೆದರು. ಅಲ್ಲಿಂದ ಮುಂದೆ ಅವರಿಗೆ ಬದುಕೇ ಪಾಠಶಾಲೆಯಾಯಿತು. ಪತ್ರಿಕೆ ನಡೆಸಿ ಬರವಣಿಗೆಯನ್ನೂ, ನಾಟಕ ಆಡಿ ರಂಗಕಲೆಯನ್ನೂ ಕಲಿತರು. 1930ರ ಸುಮಾರಿಗೆ ಮೂಕಿ ಚಿತ್ರಗಳನ್ನು ಸಹ ತಯಾರಿಸಿದರು. ತಾವು ಮಾಡಿ ಕಲಿತವರಾದುದರಿಂದ, ಮಕ್ಕಳೂ ಹಾಗೆಯೇ ಕಲಿಯಬೇಕೆಂಬುದು ಅವರಿಗೆ ಬರಿಯ ಪುಸ್ತಕದ ಮಾತಾಗಿರಲಿಲ್ಲ.

ಮುಂದೆ ಕಾರಂತರು ಪುತ್ತೂರಿನಲ್ಲಿ ನೆಲೆಸಿದರು. ಸಹಕಾರಿ ಧುರೀಣರಾದ ಮೊಳಹಳ್ಳಿ ಶಿವರಾಯರ ಸ್ನೇಹ ಅವರಿಗೆ ಅಲ್ಲಿ ದೊರೆಯಿತು. ಪೇಟೆಗೆ ಸಮೀಪದ ಪರ್ಲಡ್ಕದಲ್ಲಿ, ಮರಗಿಡಗಳ ನಡುವೆ, 1930ರ ದಶಕದಲ್ಲಿ ಬಾಲವನ ರೂಪುಗೊಂಡಿತು. ಹಾಡು, ಕುಣಿತ, ನಾಟಕ, ಚಿತ್ರ ಮತ್ತು ಆಟಗಳ ಮೂಲಕ ಮಗುವಿಗೆ ಶಿಕ್ಷಣ ನೀಡುವುದೇ ಅದರ ಗುರಿ. ಎಲೆಯ ವರ್ಣನೆಯನ್ನು ಬಾಯಿಪಾಠ ಮಾಡಿದ ಮಗು ಅದನ್ನು ನಾಳೆ ಮರೆಯಬಹುದು; ಎಲೆಯನ್ನು ಕೈಯಲ್ಲಿ ಹಿಡಿದು, ಅದರ ನರಗಳನ್ನು ನೋಡಿ, ಚಿತ್ರ ಬರೆದ ಮಗು ಅಷ್ಟು ಸುಲಭವಾಗಿ ಮರೆಯಲಾರದು. ತಪ್ಪು ಗೆರೆ ಎಳೆದರೂ ಚಿಂತೆಯಿಲ್ಲ. ಅದನ್ನು ತಿದ್ದುವಾಗಲೇ ನೋಟ ಹರಿತವಾಗುತ್ತದೆ. ಕಾರಂತರ ಶಿಕ್ಷಣ ದೃಷ್ಟಿಯ ತಿರುಳು ಇದೇ ಆಗಿತ್ತು. 1936ರಲ್ಲಿ ಅವರ ಕೈಹಿಡಿದ ಲೀಲಾ ಅವರು ಈ ಸಾಹಸದ ಬಾಳಿನಲ್ಲಿ ಸಮಭಾಗಿಗಳಾದರು.

ಆದರೆ ಹೊಸ ಹಾದಿ ಸುಗಮವಾಗಿರಲಿಲ್ಲ. ಇಂತಹ ಶಾಲೆಗೆ ಹಣದ ಆಸರೆಯೂ ಬೇಕು, ತಂದೆತಾಯಿಗಳ ನಂಬಿಕೆಯೂ ಬೇಕು. ಪರೀಕ್ಷೆ ಮತ್ತು ಉದ್ಯೋಗಗಳೇ ವಿದ್ಯೆಯ ಗುರಿಯೆಂದು ಭಾವಿಸಿದ್ದ ಕಾಲದಲ್ಲಿ, ಆಟವೂ ಪಾಠವೆಂದು ಜನರನ್ನು ಒಪ್ಪಿಸುವುದು ಕಷ್ಟವಾಗಿತ್ತು. ಶಾಲೆಯ ಪ್ರಯೋಗ ಬಹುಕಾಲ ಬಾಳಲಿಲ್ಲ.

ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ಕಾರಂತರು ಕೈಚೆಲ್ಲಲಿಲ್ಲ. ಶಾಲೆಗೆ ಬಾರದ ಮಕ್ಕಳ ಬಳಿಗೆ ಪುಸ್ತಕದ ಮೂಲಕ ತಾವೇ ಹೋದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ವೆಂಬ ವಿಶ್ವಕೋಶವನ್ನು 3 ಸಂಪುಟಗಳಲ್ಲಿ ರಚಿಸಿದರು. ಮುಂದೆ 4 ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಹಲವರು ವಿದ್ವಾಂಸರು ಕೂಡಿ ಮಾಡಬೇಕಾದ ಕೆಲಸ ಅದು. ‘ಓದುವ ಆಟ’ ಎಂಬ ಅವರ ಪುಸ್ತಕದ ಹೆಸರೇ ಅವರ ಶಿಕ್ಷಣ ತತ್ತ್ವವನ್ನು ಹೇಳುತ್ತದೆ.

‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 1997ರ ಡಿಸೆಂಬರ್ 9ರಂದು, ತುಂಬು ಬಾಳಿನ ಕೊನೆಯಲ್ಲಿ, ಅವರು ಕಣ್ಮುಚ್ಚಿದರು. ನಾಡು ಅವರನ್ನು ಕಡಲತೀರದ ಭಾರ್ಗವನೆಂದು ಕರೆದು ಗೌರವಿಸಿತು.

ಪುತ್ತೂರಿನ ಬಾಲವನ ಇಂದು ಅವರ ಸ್ಮಾರಕವಾಗಿ ಉಳಿದಿದೆ. ಕೈಯಿಂದ ಮಾಡಿ ಕಲಿಯುವುದೇ ನಿಜವಾದ ಕಲಿಕೆಯೆಂದು ಇಂದಿನ ಶಿಕ್ಷಣ ತಜ್ಞರು ಹೇಳುವಾಗ, ಆ ಮಾತನ್ನು ಬಹಳ ಹಿಂದೆಯೇ ಒಂದು ಚಿಕ್ಕ ಊರಿನಲ್ಲಿ ಆಚರಣೆಗೆ ತರಲು ಹೊರಟವರು ಕಾರಂತರೆಂಬುದು ನೆನಪಾಗುತ್ತದೆ. ಶಾಲೆಯೊಂದು ನಿಂತುಹೋಗಬಹುದು, ಅದು ಹಿಡಿದ ದಾರಿ ಸರಿಯಾಗಿದ್ದರೆ ಮುಂದಿನವರು ಅದರಲ್ಲಿ ನಡೆದೇ ನಡೆಯುತ್ತಾರೆ.